ವೋಟಿನ ಕಾರ್ಡು ಹಿಡಿದು ಪರದೇಶಕ್ಕೆ



ನನಗೆ ಬರುವ ಕಾಗದಗಳಲ್ಲಿ ಮುಕ್ಕಾಲು ಪಾಲು ಅತ್ತೆ ಸೊಸೆಯರದ್ದು, ಮಿಕ್ಕದ್ದು ಮಂಡಿನೋವಿನದ್ದು. ಈ ಸಲ ಟೇಕಲ್‌ನಿಂದ ಬಂದಿರುವ ಕಾಗದದಲ್ಲಿ ಇವೆರಡೂ ಇಲ್ಲ. ಮಗ್ಗಿ ಪುಸ್ತಕದ ಹಾಳೆ ಹರಿದು ಎರಡೂ ಬದಿ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಒಂದಿಷ್ಟು ಭಾಗವನ್ನು ಅವರ ಮಾತಿನಲ್ಲೇ ಕೊಡುತ್ತೇನೆ:

"ಅಕ್ಕಾವ್ರೇ, ನಗಬೇಡಿ. ನನಗೀಗ ಐವತ್ಮೂರು. ಯಜಮಾನರು ಕಲ್ಲಿನ ವ್ಯಾಪಾರದೋರ ಹತ್ತಿರ ಲೆಕ್ಕ ಬರೀತಾರೆ. ಇಬ್ಬರು ಮಕ್ಕಳ ಮದುವೇನೂ ಆಯಿತು. ಎರಡು ಹಸು ಇಟ್ಟುಕೊಂಡಿದೀನಿ, ಬೆಳಿಗ್ಗೆ ಸಾಯಂಕಾಲ ಡೈರಿಗೆ ಹಾಲು ಹಾಕ್ತೀನಿ. ಆ ದುಡ್ಡಿನಲ್ಲಿ ಕಟ್ಟಿದ ಚೀಟಿ ಕೈಗೆ ಬಂದಿದೆ, ನಲವತ್ತು ಸಾವಿರ. ಒಂದೇ ಒಂದು ಸಲ ಪರದೇಶ ನೋಡಬೇಕು ಅಂತ ಆಸೆ. ಮಗನಿಗೆ ಹೇಳಿದ್ದಕ್ಕೆ ಸೊಸೆ ಮುಂದೆಯೇ ನಕ್ಕುಬಿಟ್ಟ. ಅವನ ಬೈಕಿನ ಕಂತು ಬಾಕಿ ಇದೆ, ಅದಕ್ಕೆ ಹಾಕೋಣ ಅಂತಾನೆ. ಎಷ್ಟು ಖರ್ಚಾಗತ್ತೆ ಅಂತ ನೀವು ಬರೆದರೆ ಸಾಕು. ಆಗೋದಿಲ್ಲ ಅಂದ್ರೂ ಪರವಾಗಿಲ್ಲ, ಅದನ್ನೇ ಬರೀರಿ."

ಆಗುತ್ತದೆ, ತಾಯಿ. ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗುವಷ್ಟು ಆಗುತ್ತದೆ. ಹೇಗೆ ಎಂದು ಹೇಳಲು ಈ ಸಲದ ಜಾಗವನ್ನೆಲ್ಲ ತೆಗೆದುಕೊಳ್ಳುತ್ತಿದ್ದೇನೆ. ಮಂಡಿನೋವಿನ ಸೋದರಿಯರು ದಯವಿಟ್ಟು ಹದಿನೈದು ದಿನ ತಾಳಬೇಕು.

ಪರದೇಶ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ವಿಮಾನ, ಗಾಜಿನ ಕಟ್ಟಡ, ಅಲ್ಲಿ ತಂಪು ಕನ್ನಡಕ ಹಾಕಿಕೊಂಡು ನಿಂತ ಯಾರದೋ ನಾದಿನಿ. ಪತ್ರಿಕೆ ಬಿಡಿಸಿದರೆ 'ಐದು ರಾತ್ರಿ ಆರು ಹಗಲು' ಎಂಬ ಜಾಹೀರಾತು. ದೊಡ್ಡ ಅಕ್ಷರದಲ್ಲಿ ಒಂದು ಮೊತ್ತ, ಅದರ ತಲೆಯ ಮೇಲೆ ಒಂದು ಪುಟ್ಟ ನಕ್ಷತ್ರ. ಆ ನಕ್ಷತ್ರವನ್ನು ಹುಡುಕಿಕೊಂಡು ಪುಟದ ಕೆಳಗೆ ಹೋದರೆ ಇರುವೆಯಂಥ ಅಕ್ಷರಗಳಲ್ಲಿ ವೀಸಾ ಬೇರೆ, ತೆರಿಗೆ ಬೇರೆ, ಮಧ್ಯಾಹ್ನದ ಊಟ ಬೇರೆ, ಡ್ರೈವರನ ಭಕ್ಷೀಸು ಬೇರೆ ಎಂದಿರುತ್ತದೆ. ಇಬ್ಬರು ಒಂದೇ ಕೋಣೆಯಲ್ಲಿ ಮಲಗಿದರೆ ಮಾತ್ರ ಆ ದರ. ಇಂಥ ಯಾತ್ರೆಗೆ ಹೋಗಬಾರದೆಂದು ನಾನು ಹೇಳುವುದಿಲ್ಲ, ಅನುಕೂಲ ಇರುವವರು ಹೋಗಲಿ. ಆದರೆ ಪರದೇಶ ಎಂದರೆ ಅದೊಂದೇ ಅಲ್ಲ. ರೈಲಿನಲ್ಲಿ ಹೋಗಿ, ಇಳಿದು, ಇನ್ನೊಂದು ರೈಲು ಹತ್ತಿ ತಲುಪುವ ಪರದೇಶವೂ ಇದೆ. ಅದಕ್ಕೆ ಹೋಗುವ ರೈಲು ಟೇಕಲ್‌ನ ಮೇಲೆಯೇ ಹಾದುಹೋಗುತ್ತದೆ ಎಂದರೆ ನಂಬುತ್ತೀರಾ?

ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ಹೋಗುವ ಈ ರೈಲುದಾರಿ 1864ರಷ್ಟು ಹಳೆಯದು. ಮಾಲೂರು ದಾಟಿ ಬಂಗಾರಪೇಟೆ ಬರುವ ಮುಂಚೆ ಬಂಡೆಗಳ ಮಧ್ಯೆ ಟೇಕಲ್ ಸ್ಟೇಷನ್ನು. ಇಂಗ್ಲಿಷಿನಲ್ಲಿ ಅದನ್ನು 'ತ್ಯಾಕಲ್' ಎಂದು ಯಾಕೆ ಬರೆದರೋ, ರೈಲ್ವೆಯವರಿಗೇ ಗೊತ್ತು. ಪ್ಯಾಸೆಂಜರ್ ಗಾಡಿಗಳು ನಿಲ್ಲುತ್ತವೆ, ದೂರದ ಎಕ್ಸ್‌ಪ್ರೆಸ್‌ಗಳು ಧೂಳೆಬ್ಬಿಸಿಕೊಂಡು ಹೋಗುತ್ತವೆ. ಹೀಗೆ ಹೋಗುವ ಗಾಡಿಗಳಲ್ಲಿ ವಾರಕ್ಕೊಂದು ಸಲ ಮೈಸೂರಿನಿಂದ ಬಿಹಾರದ ದರ್ಭಂಗಾಕ್ಕೆ ಹೋಗುವ ಬಾಗ್ಮತಿ ಎಕ್ಸ್‌ಪ್ರೆಸ್ ಒಂದು. ಬಾಗ್ಮತಿ ಒಂದು ನದಿಯ ಹೆಸರು. ಕಾಠ್ಮಂಡುವಿನಲ್ಲಿ ಪಶುಪತಿನಾಥನ ಗುಡಿಯ ಮೆಟ್ಟಿಲು ತೊಳೆಯುವುದು ಅದೇ ನದಿ. ನೇಪಾಳದಲ್ಲಿ ಹುಟ್ಟಿ ಬಿಹಾರಕ್ಕೆ ಇಳಿಯುತ್ತದೆ. ನೀವು ಹಾಲಿನ ಕ್ಯಾನು ಇಳಿಸಿ ರೈಲ್ವೆ ಗೇಟಿನ ಹತ್ತಿರ ನಿಂತಾಗ ಎದುರಿಗೆ ಹಾದುಹೋಗುವ ಗಾಡಿಗೆ ಪರದೇಶದ ನದಿಯ ಹೆಸರಿದೆ!

ಈ ಗಾಡಿಯನ್ನು ಬೆಂಗಳೂರಿನಲ್ಲಿ ಹತ್ತಿ, ಎರಡು ದಿನಕ್ಕೂ ಮೀರಿ ಕೂತು ದರ್ಭಂಗಾದಲ್ಲಿ ಇಳಿದರೆ ಅದು ಮಿಥಿಲೆಯ ಸೀಮೆ. ಅಲ್ಲಿಂದ ಮಧುಬನಿಯ ಮೇಲೆ ಇನ್ನೊಂದು ಗಾಡಿಯಲ್ಲಿ ಜಯನಗರ. ನಮ್ಮ ಬೆಂಗಳೂರಿನ ಜಯನಗರವಲ್ಲ, ಗಡಿಯ ಅಂಚಿನ ಊರು. ಅಲ್ಲೊಂದು ನೇಪಾಳದ ರೈಲು ನಿಂತಿರುತ್ತದೆ. ಹಿಂದೆ ಇದೇ ದಾರಿಯಲ್ಲಿ ಆಟದ ಸಾಮಾನಿನಂಥ ಸಣ್ಣ ರೈಲು ಓಡುತ್ತಿತ್ತು. ಅದು ನಿಂತು, ದೊಡ್ಡ ಹಳಿ ಹಾಕಿ, 2022ರ ಏಪ್ರಿಲ್ 2ರಂದು ಹೊಸದಾಗಿ ಶುರುವಾಯಿತು. ಮೂವತ್ತು ಕಿಲೋಮೀಟರಿನಷ್ಟು ಹೋದರೆ ಜನಕಪುರ. ಸೀತಮ್ಮನ ತವರುಮನೆ.

ಕೋಲಾರ ಸೀಮೆಯ ಹೆಣ್ಣುಮಕ್ಕಳಿಗೆ ನಾನು ಮೊದಲ ಪರದೇಶವಾಗಿ ಬೇರೆ ಯಾವ ಊರನ್ನೂ ಹೇಳದೆ ಜನಕಪುರವನ್ನೇ ಹೇಳುವುದಕ್ಕೆ ಕಾರಣವಿದೆ. ಮುಳಬಾಗಿಲು ತಾಲ್ಲೂಕಿನ ಆವಣಿ ನಿಮಗೆ ಗೊತ್ತೇ ಇದೆ. ಕಾಡಿಗೆ ಬಿಟ್ಟ ಮೇಲೆ ಸೀತೆ ವಾಲ್ಮೀಕಿ ಆಶ್ರಮದಲ್ಲಿದ್ದು ಲವಕುಶರನ್ನು ಹಡೆದದ್ದು ಆ ಬೆಟ್ಟದ ಮೇಲೆಯೇ ಎಂದು ನಮ್ಮ ಜನ ನಂಬಿಕೊಂಡು ಬಂದಿದ್ದಾರೆ. ಬೆಟ್ಟ ಹತ್ತಿ ಸೀತಮ್ಮನ ಗುಡಿಗೆ ಹೋಗಿಬಂದವರು ನಿಮ್ಮಲ್ಲಿ ಎಷ್ಟು ಜನವಿಲ್ಲ! ಅವಳ ಬಾಣಂತನದ ಊರು ನೋಡಿದ್ದಾಯಿತು, ಹುಟ್ಟಿದ ಊರನ್ನೂ ನೋಡಬೇಡವೇ? ಜನಕಪುರದ ಜಾನಕಿ ಮಂದಿರ ಬಿಳಿಯ ಅರಮನೆಯಂತಿದೆ. ಮಧ್ಯಭಾರತದ ಟೀಕಮ್‌ಗಢದ ರಾಣಿಯೊಬ್ಬಳು ನೂರು ವರ್ಷಕ್ಕೂ ಹಿಂದೆ ಒಂಬತ್ತು ಲಕ್ಷ ರೂಪಾಯಿ ಸುರಿದು ಕಟ್ಟಿಸಿದಳೆಂದು ಅದಕ್ಕೆ 'ನೌಲಖಾ ಮಂದಿರ' ಎಂದೂ ಹೆಸರು. ಮಾರ್ಗಶಿರ ಶುದ್ಧ ಪಂಚಮಿಗೆ ಅಲ್ಲಿ ಸೀತಾರಾಮರ ಮದುವೆ. ಬೀಗರ ಕಡೆಯವರು ಅಯೋಧ್ಯೆಯಿಂದ ದಿಬ್ಬಣ ತರುತ್ತಾರೆ. ನೋಡಲು ಚೆಂದವೇ, ಆದರೆ ಕಾಲಿಡಲು ಜಾಗವಿರುವುದಿಲ್ಲ. ಮೊದಲ ಸಲ ಹೋಗುವವರು ಆ ದಿನ ಬಿಟ್ಟು ಹೋಗಿ.

ದಾರಿಯಲ್ಲಿ ಸಿಗುವ ಮಧುಬನಿಯ ಬಗ್ಗೆ ಒಂದು ಮಾತು. ಗೋಡೆಗೆ ಸೆಗಣಿ ಸಾರಿಸಿ, ಅದರ ಮೇಲೆ ಮೀನು, ಕಮಲ, ಮದುವಣಗಿತ್ತಿಯರ ಚಿತ್ರ ಬಿಡಿಸುವುದು ಅಲ್ಲಿನ ಹೆಂಗಸರ ಮನೆಗೆಲಸದ ಒಂದು ಭಾಗ, ನಮಗೆ ರಂಗೋಲಿ ಇದ್ದಹಾಗೆ. ಆ ಸೀಮೆಯ ಗಂಗಾದೇವಿ ಎಂಬಾಕೆಗೆ 1984ರಲ್ಲಿ ಪದ್ಮಶ್ರೀ ಬಂತು. ಭಾರತೋತ್ಸವಕ್ಕೆಂದು ಅವರನ್ನು ಅಮೆರಿಕಕ್ಕೆ ಕರೆದೊಯ್ದರು. ಮರಳಿ ಬಂದು ಆಕೆ ಅಮೆರಿಕವನ್ನು ಮಧುಬನಿ ಶೈಲಿಯಲ್ಲೇ ಬಿಡಿಸಿದರು. ಜಾತ್ರೆಯ ಗಿರಗಿಟ್ಟಲೆಯಂತೆ ಮೇಲೆ ಕೆಳಗೆ ಓಡುವ ಗಾಡಿಯಲ್ಲಿ ಕೂತ ಜನರ ಚಿತ್ರ ಬಹಳ ಹೆಸರಾಯಿತು. ಪರದೇಶ ಅರ್ಥವಾಗಬೇಕಾದರೆ ಇಂಗ್ಲಿಷು ಬರಬೇಕು ಎನ್ನುವವರಿಗೆ ನಾನು ಈ ಚಿತ್ರದ ಸುದ್ದಿ ಹೇಳುತ್ತೇನೆ.

ಇನ್ನು ಕಾಗದಪತ್ರದ ವಿಷಯ. ನೇಪಾಳಕ್ಕೆ ಹೋಗಲು ನಮಗೆ ವೀಸಾ ಬೇಡ. ಪಾಸ್‌ಪೋರ್ಟು ಕೂಡ ಕಡ್ಡಾಯವಲ್ಲ. ಚುನಾವಣಾ ಆಯೋಗದವರು ಕೊಟ್ಟ ಫೋಟೋ ಇರುವ ವೋಟಿನ ಕಾರ್ಡು ಸಾಕು! ಐದು ವರ್ಷಕ್ಕೊಮ್ಮೆ ಬೀರುವಿನಿಂದ ತೆಗೆದು, ಬೆರಳಿಗೆ ಮಸಿ ಹಾಕಿಸಿಕೊಂಡು, ಮತ್ತೆ ರೇಷ್ಮೆ ಸೀರೆಯ ಕೆಳಗೆ ಸೇರಿಸುತ್ತೀರಲ್ಲ, ಅದೇ ಕಾರ್ಡು. ಆದರೆ ಎಚ್ಚರ, ಎಲ್ಲದಕ್ಕೂ ಆಧಾರ್ ತೋರಿಸಿ ಅಭ್ಯಾಸವಾಗಿರುವ ನಾವು ಅದೊಂದನ್ನೇ ಹಿಡಿದು ಹೊರಟುಬಿಡುತ್ತೇವೆ. ಹದಿನೈದರಿಂದ ಅರವತ್ತೈದು ವರ್ಷದೊಳಗಿನವರಿಗೆ ಗಡಿಯಲ್ಲಿ ಆಧಾರ್ ಸಲ್ಲದು, ವೋಟಿನ ಕಾರ್ಡು ಇಲ್ಲವೇ ಪಾಸ್‌ಪೋರ್ಟು ಬೇಕು. ಅರವತ್ತೈದು ದಾಟಿದ ಅತ್ತೆಯವರನ್ನು ಕರೆದುಕೊಂಡು ಹೋಗುವುದಾದರೆ ಅವರಿಗೆ ಆಧಾರ್, ರೇಷನ್ ಕಾರ್ಡಿನಂಥ ಫೋಟೋ ಇರುವ ಗುರುತು ನಡೆಯುತ್ತದೆ. ಒಂದು ನಕಲು ತೆಗೆಸಿ ಬೇರೆ ಚೀಲದಲ್ಲಿಡಿ. ವೋಟಿನ ಕಾರ್ಡಿನಲ್ಲಿರುವ ಹೆಸರೇ ರೈಲಿನ ಟಿಕೆಟಿನಲ್ಲೂ ಇರಲಿ. ನಮ್ಮ ಕಡೆ ಒಂದೇ ಹೆಂಗಸು ಒಂದು ಕಾರ್ಡಿನಲ್ಲಿ ಮುನಿಯಮ್ಮ, ಇನ್ನೊಂದರಲ್ಲಿ ಮುನಿರತ್ನಮ್ಮ ಆಗಿರುವುದುಂಟಲ್ಲ!

ಹಾಗೆಂದು ಪಾಸ್‌ಪೋರ್ಟು ಬೇಡವೆಂದಲ್ಲ. ಮಾಡಿಸಿಯೇ ಇಡಿ ಎನ್ನುತ್ತೇನೆ. ಸಾಮಾನ್ಯ ಅರ್ಜಿಗೆ 1,500 ರೂಪಾಯಿ, ಅರವತ್ತು ದಾಟಿದವರಿಗೆ ಹೊಸ ಪಾಸ್‌ಪೋರ್ಟಿನ ಶುಲ್ಕದಲ್ಲಿ ನೂರಕ್ಕೆ ಹತ್ತು ರಿಯಾಯಿತಿ, ಹತ್ತು ವರ್ಷ ಬಾಳಿಕೆ. ಹಿಂದೆ ಇದಕ್ಕೆ ಬೆಂಗಳೂರಿಗೇ ಅಲೆಯಬೇಕಿತ್ತು. 2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯಿಂದ ಆರಂಭವಾಗಿ ಈಗ ಬಹಳ ಊರುಗಳ ದೊಡ್ಡ ಅಂಚೆ ಕಚೇರಿಗಳಲ್ಲೇ ಈ ಕೆಲಸವಾಗುತ್ತದೆ. ಜನ್ಮದಿನಾಂಕಕ್ಕೆ ಒಂದು ದಾಖಲೆ, ವಿಳಾಸಕ್ಕೆ ಒಂದು ದಾಖಲೆ, ಆಮೇಲೆ ಪೊಲೀಸ್ ವಿಚಾರಣೆ. ಪೊಲೀಸರು ಮನೆಗೆ ಬಂದರೆಂದು ಬೀದಿಯವರು ಎರಡು ದಿನ ಮಾತಾಡಿಕೊಳ್ಳುತ್ತಾರೆ, ಮಾತಾಡಿಕೊಳ್ಳಲಿ ಬಿಡಿ.

ಈಗ ದುಡ್ಡಿಗೆ ಬರೋಣ. ಸೋದರಿ ಕೇಳಿದ್ದೇ ಅದನ್ನಲ್ಲವೇ? ಸ್ಲೀಪರ್ ದರ್ಜೆಯಲ್ಲಿ ದರ್ಭಂಗಾಕ್ಕೆ ಹೋಗಿಬರಲು ಒಬ್ಬರಿಗೆ 3,000 ರೂಪಾಯಿ ಮುಟ್ಟುವುದಿಲ್ಲ. ಹೋಗಿಬರುವ ಐದು ದಿನ ರೈಲೇ ಮನೆ, ಬಾಡಿಗೆಯಿಲ್ಲ. ಹೊರಟ ದಿನದಿಂದ ಮರಳುವವರೆಗೆ ಹನ್ನೆರಡು ದಿನವೆಂದುಕೊಳ್ಳಿ. ಊಟ, ವಸತಿ, ಬಸ್ಸು ಎಲ್ಲಕ್ಕೂ ದಿನಕ್ಕೆ ತಲಾ 1,000 ರೂಪಾಯಿ ಎತ್ತಿಡಿ, 12,000 ಆಯಿತು. ಟಿಕೆಟ್ಟು ಸೇರಿ 15,000. ಕಾಯಿಲೆ ಕಸಾಲೆ, ರೈಲು ತಪ್ಪುವುದು ಇಂಥದ್ದಕ್ಕೆ ಇನ್ನು 5,000 ಸೀರೆಯ ಒಳಜೇಬಿನಲ್ಲಿರಲಿ. ಇಪ್ಪತ್ತು ಸಾವಿರ. ಇಬ್ಬರಿಗೆ ನಲವತ್ತು. ನಿಮ್ಮ ಚೀಟಿ ದುಡ್ಡು ಎಷ್ಟೋ ಅಷ್ಟೇ! ಧರ್ಮಶಾಲೆಗಳಲ್ಲಿ ಇಳಿದುಕೊಂಡು ನಮ್ಮ ಹೆಂಗಸರು ಕೈಹಿಡಿತ ಮಾಡಿದರೆ ಅದರಲ್ಲೂ ಉಳಿದೀತು.

ಆದರೆ ಒಂದು ನಿಷ್ಠುರದ ಮಾತನ್ನು ಹೇಳಲೇಬೇಕು. ಮನೆಯಲ್ಲಿ ತಿಂಗಳ ಬಡ್ಡಿಗೆ ತಂದ ಕೈಸಾಲ ಇದ್ದರೆ ಮೊದಲು ಅದನ್ನು ತೀರಿಸಿ, ಪ್ರಯಾಣ ಮುಂದಿನ ಚೀಟಿಗೆ. ಮಗನ ಬೈಕಿನ ಕಂತು ಮಾತ್ರ ಬೇರೆ ವಿಷಯ. ಬೈಕು ಓಡಿಸುವವನೇ ಅದರ ಕಂತನ್ನೂ ಕಟ್ಟಬೇಕು. ಹಸುವಿನ ಕೆಚ್ಚಲು ಹಿಂಡಿದ ದುಡ್ಡು ಅದಕ್ಕೆ ಹೋಗಬೇಕಾಗಿಲ್ಲ. ಇದನ್ನು ಮಗನಿಗೆ ಓದಿ ಹೇಳಿದರೂ ನನಗೇನೂ ಬೇಸರವಿಲ್ಲ.

ಟಿಕೆಟಿನ ವಿಷಯದಲ್ಲಿ ಜಾಗ್ರತೆ. ಬಿಹಾರದ ಕಡೆಯ ಗಾಡಿಗಳು ದೀಪಾವಳಿ ಮತ್ತು ಅದರ ಹಿಂದೆಯೇ ಬರುವ ಛಟ್ ಹಬ್ಬಕ್ಕೆ, ಹೋಳಿಗೆ ಕಿಕ್ಕಿರಿದು ತುಂಬುತ್ತವೆ. ಕಟ್ಟಡ ಕೆಲಸಕ್ಕೂ ಹೋಟೆಲು ಕೆಲಸಕ್ಕೂ ನಮ್ಮಲ್ಲಿಗೆ ಬಂದ ಹುಡುಗರೆಲ್ಲ ವರ್ಷಕ್ಕೊಮ್ಮೆ ಅಮ್ಮನ ಮುಖ ನೋಡಲು ಓಡುವ ಕಾಲ ಅದು, ಆಗ ಅವರಿಗೇ ಜಾಗ ಬಿಡೋಣ. ಮಳೆಗಾಲದಲ್ಲಿ ಅಲ್ಲಿ ಹೊಳೆಗಳು ಉಕ್ಕುತ್ತವೆ, ನೇಪಾಳದ ಗುಡ್ಡಗಳು ಕುಸಿಯುತ್ತವೆ. ಛಟ್ ಮುಗಿದ ಮೇಲೆ ಚಳಿ ಬಲಿಯುವ ಮುಂಚೆ, ಇಲ್ಲವಾದರೆ ಶಿವರಾತ್ರಿ ಆಸುಪಾಸು, ಇವೇ ಒಳ್ಳೆಯ ಕಾಲ. 2024ರ ನವೆಂಬರಿನಿಂದ ಪ್ರಯಾಣಕ್ಕೆ 60 ದಿನ ಮುಂಚೆ ಮಾತ್ರ ಕಾಯ್ದಿರಿಸಲು ಬಿಡುತ್ತಾರೆ, ಮೊದಲು 120 ದಿನ ಇತ್ತು. ಹಾಗಾಗಿ ಬಾಗಿಲು ತೆರೆದ ದಿನವೇ ಮಾಡಿಸಿ. 45 ದಾಟಿದ ಹೆಂಗಸರಿಗೆ ಖಾಲಿ ಇದ್ದರೆ ಕೆಳಗಿನ ಬರ್ತ್ ತಾನಾಗಿಯೇ ಸಿಗುತ್ತದೆ, ಅರ್ಜಿಯಲ್ಲಿ ವಯಸ್ಸು ಸರಿಯಾಗಿ ಬರೆಸಬೇಕು ಅಷ್ಟೇ. ಅಲ್ಲಿ ವಯಸ್ಸು ಮುಚ್ಚಿಟ್ಟರೆ ಮೇಲಿನ ಬರ್ತ್ ಹತ್ತಬೇಕಾದೀತು!

ನೇಪಾಳದಲ್ಲಿ ನಮ್ಮ ಒಂದು ರೂಪಾಯಿಗೆ ಅವರ ಒಂದು ರೂಪಾಯಿ ಅರವತ್ತು ಪೈಸೆ. ಬಹಳ ಕಾಲದಿಂದ ಈ ಲೆಕ್ಕ ಬದಲಾಗಿಲ್ಲ. ಕೋಣೆಗೆ ಎಂಟುನೂರು ಎಂದಾಗ ಎದೆ ಒಡೆದುಕೊಳ್ಳಬೇಡಿ, ಅದು ನಮ್ಮ ಐನೂರು. 'ನೇಪಾಳಿಯೋ, ಭಾರತದ್ದೋ?' ಎಂದು ಮೊದಲೇ ಕೇಳಿಕೊಳ್ಳುವುದು ಜಾಣತನ. ನಮ್ಮ ದೊಡ್ಡ ನೋಟುಗಳ ಬಗ್ಗೆ ಅಲ್ಲಿನ ನಿಯಮ ಆಗಾಗ ಬದಲಾಗಿದೆ, ಆದ್ದರಿಂದ ನೂರರ ನೋಟುಗಳನ್ನೇ ಹೆಚ್ಚಾಗಿ ಇಟ್ಟುಕೊಳ್ಳಿ. ಗಡಿ ದಾಟಿದ ಮೇಲೆ ನಮ್ಮ ಸಿಮ್ಮು ಹೊರದೇಶದ ಸೌಲಭ್ಯ ಹಾಕಿಸಿಕೊಳ್ಳದಿದ್ದರೆ ಸತ್ತಂತೆ. ಮೂರು ದಿನ ಫೋನು ಬರದಿದ್ದರೆ ಗಾಬರಿಯಾಗಬೇಡಿ ಎಂದು ಮನೆಯಲ್ಲಿ ಮುಂಚೆಯೇ ಹೇಳಿ ಹೊರಡಿ. ಭಾಷೆ? ಕೋಲಾರದವರಿಗೆ ಅದರ ಚಿಂತೆಯೇ? ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ನಿಮಗೆ ಹತ್ತು ಮಾತು ಹಿಂದಿ ಕಲಿಯಲು ಒಂದು ವಾರ ಬೇಡ.

ಬುತ್ತಿಯ ವಿಷಯ ಬರೆಯದೆ ಈ ಅಂಕಣ ಮುಗಿದರೆ ನೀವು ನನ್ನನ್ನು ಬಿಡುತ್ತೀರಾ? ರೈಲಿನಲ್ಲಿ ಕೊಂಡು ತಿನ್ನುತ್ತಾ ಹೋದರೆ ದುಡ್ಡೂ ಹೋಗುತ್ತದೆ, ಹೊಟ್ಟೆಯೂ ಕೆಡುತ್ತದೆ. ಮೊದಲ ದಿನಕ್ಕೆ ಚಪಾತಿ, ಪುಳಿಯೋಗರೆ. ಆಮೇಲಿನ ದಿನಗಳಿಗೆ ಹುರಿಹಿಟ್ಟೇ ದೇವರು. ನಮ್ಮ ಸೀಮೆಯ ರಾಗಿ ಒಂದು ಸೇರು ಆರಿಸಿ ತೊಳೆದು, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ರಾತ್ರಿ ಕಟ್ಟಿಡಿ. ಬೆಳಿಗ್ಗೆ ನೆರಳಿನಲ್ಲಿ ಹರಡಿ, ಮೇಲಿನ ತೇವ ಆರಿದ ಮೇಲೆ ಚೆನ್ನಾಗಿ ಕಾದ ದಪ್ಪ ಬಾಣಲೆಗೆ ಒಂದೊಂದೇ ಹಿಡಿ ಹಾಕಿ, ಬಟ್ಟೆಯ ಉಂಡೆಯಿಂದ ಕೈಬಿಡದೆ ತಿರುವಿ. ಪಟಪಟ ಅರಳಿ ಮಲ್ಲಿಗೆ ಮೊಗ್ಗಿನಂತಾಗುತ್ತದೆ. ಅರಳು ಬಿಸಿಯಾಗಿರುವಾಗ ಮುಚ್ಚಿಡಬೇಡಿ, ಬೆವರಿ ಮುಗ್ಗಲು ಬರುತ್ತದೆ. ತಣ್ಣಗಾದ ಮೇಲೆ ಒಂದು ಪಾವು ಹುರಿಗಡಲೆ, ನಾಲ್ಕು ಏಲಕ್ಕಿ ಸೇರಿಸಿ ಮಿಲ್ಲಿನಲ್ಲಿ ಬೀಸಿಸಿ ಜರಡಿ ಹಿಡಿಯಿರಿ. ಬೆಲ್ಲದ ಪುಡಿ ಬೇರೆ ಡಬ್ಬಿಯಲ್ಲಿರಲಿ, ಬೆರೆಸಿಟ್ಟರೆ ಗಂಟಾಗುತ್ತದೆ. ರೈಲಿನಲ್ಲಿ ಬಿಸಿ ಹಾಲು ಸಿಕ್ಕರೆ ಹಾಲಿಗೆ, ಮಜ್ಜಿಗೆ ಸಿಕ್ಕರೆ ಉಪ್ಪು ಹಾಕಿ ಮಜ್ಜಿಗೆಗೆ, ಏನೂ ಸಿಗದಿದ್ದರೆ ಬಿಸಿನೀರಿಗೆ. ಒಂದು ಲೋಟ ಕುಡಿದರೆ ನಾಲ್ಕು ತಾಸು ಹಸಿವಿಲ್ಲ. ಜೊತೆಗೆ ಚಟ್ನಿಪುಡಿ, ನೆಲ್ಲಿಕಾಯಿ ತೊಕ್ಕು, ಹುಳಿ ಅವಲಕ್ಕಿ.

ತಮಾಷೆ ನೋಡಿ, ಬಿಹಾರದವರೂ ಇದನ್ನೇ ತಿನ್ನುತ್ತಾರೆ! ಕಡಲೆ ಹುರಿದು ಬೀಸಿದ ಹಿಟ್ಟಿಗೆ ಅವರಲ್ಲಿ ಸತ್ತು ಎನ್ನುತ್ತಾರೆ. ಉಪ್ಪು, ಈರುಳ್ಳಿ, ಹಸಿಮೆಣಸು, ನಿಂಬೆರಸ ಹಾಕಿ ಕಲಸಿಯೋ ನೀರಿಗೆ ಬೆರೆಸಿಯೋ ದುಡಿಯುವವರೆಲ್ಲ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ಮಿಥಿಲೆಯ ಮನೆಗಳಲ್ಲಿ ಬೆಳಗಿನ ತಿಂಡಿಗೆ ಅವಲಕ್ಕಿ ಮೊಸರು. ಮರಳುವಾಗ ಅಲ್ಲಿನ ಕೆರೆಗಳಲ್ಲಿ ಬೆಳೆಯುವ ಮಖಾನ ಒಂದು ಪೊಟ್ಟಣ ತನ್ನಿ. ತುಪ್ಪದಲ್ಲಿ ಹುರಿದು ಉಪ್ಪು ಮೆಣಸಿನಪುಡಿ ಹಾಕಿದರೆ ನಕ್ಕ ಮಗನೂ ಎರಡು ಹಿಡಿ ತಿಂದಾನು.

ಜನಕಪುರದಿಂದ ಕಾಠ್ಮಂಡುವಿಗೆ ಬಸ್ಸಿದೆ. ಗುಡ್ಡದ ದಾರಿ, ತಲೆಸುತ್ತುವವರು ಒಂದು ನಿಂಬೆಹಣ್ಣು ಕೈಯಲ್ಲಿಟ್ಟುಕೊಳ್ಳಿ. ಅಲ್ಲಿ ಪಶುಪತಿನಾಥನ ಪೂಜೆಗೆ ಪರಂಪರೆಯಿಂದ ನೇಮಕವಾಗುವ ಭಟ್ಟರು ನಮ್ಮ ಕರ್ನಾಟಕದ ಕರಾವಳಿ ಕಡೆಯವರು. ಇದೇನೂ ಮೊದಲ ನಂಟಲ್ಲ. 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ ನಾನ್ಯದೇವ ಕರ್ಣಾಟ ವಂಶದವನು, ನಮ್ಮ ಕಡೆಯಿಂದ ದಂಡಿನ ಜೊತೆ ಹೋದ ಮನೆತನ. ಅವರ ರಾಜಧಾನಿ ಸಿಮ್ರೌನ್‌ಗಢ ಈಗ ನೇಪಾಳದ ಗಡಿಯೊಳಗೆ ಹಾಳುಬಿದ್ದಿದೆ. ಒಂಬತ್ತು ನೂರು ವರ್ಷದ ಹಿಂದೆ ಎತ್ತಿನ ಗಾಡಿಯಲ್ಲೂ ಕಾಲ್ನಡಿಗೆಯಲ್ಲೂ ಹೋದರಲ್ಲ, ಅವರ ಹಿಂದೆ ಅಡುಗೆ ಪಾತ್ರೆ ಹೊತ್ತು ಹೆಂಗಸರೂ ಹೋಗಿರಲೇಬೇಕು ಎಂದು ನನ್ನ ಊಹೆ. ಅವರ ಹೆಸರನ್ನು ಯಾವ ಶಾಸನವೂ ಬರೆದಿಡಲಿಲ್ಲ, ಬಿಡಿ.

ಇಷ್ಟೆಲ್ಲ ಬರೆದ ಮೇಲೂ ನನಗೆ ಗೊತ್ತು, ಸೋದರಿಗೆ ಅಡ್ಡ ನಿಂತಿರುವುದು ದುಡ್ಡಲ್ಲ. 'ನೀನು ಹೋದರೆ ಮನೆ ಗತಿಯೇನು?' ಎಂಬ ಮಾತು. ಅದನ್ನು ಬೇರೆಯವರು ಹೇಳುವ ಮುಂಚೆ ನಾವೇ ಹೇಳಿಕೊಂಡುಬಿಡುತ್ತೇವೆ.

ಮೈಸೂರಿನ ಕೃಷ್ಣಕುಮಾರ್ ಮತ್ತು ಅವರ ತಾಯಿ ಚೂಡಾರತ್ನಮ್ಮನವರ ಸುದ್ದಿಯನ್ನು ನೀವೆಲ್ಲ ಓದಿದ್ದೀರಿ. ಕೂಡು ಕುಟುಂಬದ ಅಡುಗೆಮನೆಯಲ್ಲೇ ಆಯುಷ್ಯ ಕಳೆದ ಆ ತಾಯಿ, ಪಕ್ಕದ ಬೇಲೂರು ಹಳೇಬೀಡನ್ನೂ ನೋಡಿಲ್ಲವೆಂದು ಒಂದು ದಿನ ಮಗನಿಗೆ ಹೇಳಿದರಂತೆ. ಮಗ ಬೆಂಗಳೂರಿನ ಕೆಲಸ ಬಿಟ್ಟು, ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಹಿಂದೆ ತಾಯಿಯನ್ನು ಕೂರಿಸಿಕೊಂಡು 2018ರ ಜನವರಿಯಲ್ಲಿ ಹೊರಟರು. ಮಠ, ಆಶ್ರಮ, ದೇವಸ್ಥಾನಗಳಲ್ಲಿ ತಂಗುತ್ತಾ ದೇಶವೆಲ್ಲ ಸುತ್ತಿ ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳನ್ನೂ ನೋಡಿಬಂದರು. ಐವತ್ತು ಸಾವಿರ ಕಿಲೋಮೀಟರಿಗೂ ಮೀರಿದ ತಿರುಗಾಟ. ಎಲ್ಲರೂ ಮಗನನ್ನು ಶ್ರವಣಕುಮಾರ ಎಂದು ಹೊಗಳಿದರು, ಹೊಗಳಬೇಕಾದದ್ದೇ. ನನಗೆ ಮಾತ್ರ ಆ ತಾಯಿಯ ಮಂಡಿಗಳ ನೆನಪಾಗುತ್ತದೆ. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಸ್ಕೂಟರಿನ ಹಿಂದೆ ಕೂತು ಹಿಮಾಲಯದವರೆಗೆ! ಅವರಿಗೆ ಶಕ್ತಿಯಿತ್ತು, ಹೋದರು. ಎಲ್ಲರಿಗೂ ಆ ವಯಸ್ಸಿನಲ್ಲಿ ಶಕ್ತಿ ಉಳಿದಿರುತ್ತದೆಯೇ? ಎಲ್ಲರ ಮಗನೂ ಸ್ಕೂಟರು ತರುತ್ತಾನೆಯೇ? ನಿಮಗೆ ಐವತ್ಮೂರು, ಇನ್ನೂ ಹಾಲಿನ ಕ್ಯಾನು ಎತ್ತುತ್ತಿದ್ದೀರಿ.

ಕೊಚ್ಚಿಯಲ್ಲಿ ಟೀ ಅಂಗಡಿ ಇಟ್ಟಿದ್ದ ವಿಜಯನ್ ಮತ್ತು ಮೋಹನಾ ದಂಪತಿಗಳದ್ದು ಇನ್ನೊಂದು ಬಗೆ. ಅಂಗಡಿಯ ದುಡಿಮೆಯಲ್ಲಿ ದಿನಕ್ಕೆ ಮುನ್ನೂರು ರೂಪಾಯಿ ಎತ್ತಿಟ್ಟು, ಸಾಲದಿದ್ದದ್ದಕ್ಕೆ ಸಾಲ ಮಾಡಿ ಹೋಗಿಬಂದು, ಸಾಲ ತೀರಿಸಿ ಮತ್ತೆ ಹೊರಡುವುದು. ಹೀಗೆಯೇ ಇಪ್ಪತ್ತೈದಕ್ಕೂ ಹೆಚ್ಚು ದೇಶ ನೋಡಿದರು. 2021ರ ನವೆಂಬರಿನಲ್ಲಿ ವಿಜಯನ್ ತೀರಿಕೊಂಡರು, ಅದಕ್ಕೆ ಸ್ವಲ್ಪ ದಿನ ಮುಂಚೆಯಷ್ಟೇ ಇಬ್ಬರೂ ರಷ್ಯಾ ನೋಡಿಬಂದಿದ್ದರು. ಅವರ ಧೈರ್ಯಕ್ಕೆ ಕೈ ಮುಗಿಯುತ್ತೇನೆ, ಸಾಲ ಮಾಡುವುದನ್ನು ಮಾತ್ರ ಒಪ್ಪಲಾರೆ. ದಿನವೂ ಗಲ್ಲಾಪೆಟ್ಟಿಗೆ ತುಂಬುವ ಅಂಗಡಿಯವರಿಗೆ ಅದು ಸರಿ. ಹಸು ಬತ್ತಿದರೆ ಆದಾಯ ನಿಲ್ಲುವ ನಮ್ಮಂಥವರಿಗೆ ಕೂಡಿಟ್ಟ ದುಡ್ಡಿನ ಪ್ರಯಾಣವೇ ನಿದ್ದೆ ತರುವುದು. ದಿನಕ್ಕೆ ಐವತ್ತು ರೂಪಾಯಿ ಎತ್ತಿಟ್ಟರೂ ವರ್ಷಕ್ಕೆ 18,250 ಆಗುತ್ತದೆ. ಎರಡು ವರ್ಷದಲ್ಲಿ ಭೂತಾನ್. ಅಲ್ಲಿಗೂ ವೋಟಿನ ಕಾರ್ಡು ಸಾಕು, ಆದರೆ ಭಾರತದವರಿಗೆ ರಾತ್ರಿಯೊಂದಕ್ಕೆ ತಲಾ 1,200 ರೂಪಾಯಿ ಸರ್ಕಾರಕ್ಕೆ ಕಟ್ಟಬೇಕು. ಅದಕ್ಕೇ ನೇಪಾಳ ಮೊದಲು ಎಂದೆ.

ಹೊರಡುವ ಮುಂಚೆ ಒಂದು ತಾಲೀಮು ಆಗಲಿ. 2023ರ ಜೂನ್ 11ರಿಂದ ನಮ್ಮ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದೊಳಗೆ ಟಿಕೆಟ್ಟಿಗೆ ದುಡ್ಡಿಲ್ಲವಲ್ಲ! ಯಜಮಾನರಿಗೆ ರಜೆ ಸಿಗದಿದ್ದರೆ ಸಂಘದ ಗೆಳತಿಯರು ಇಬ್ಬರು ಮೂವರನ್ನು ಸೇರಿಸಿಕೊಳ್ಳಿ. ಆ ಗುಂಪಿನೊಂದಿಗೇ ಒಂದು ದಿನ ಕೋಲಾರದ ಮೇಲೆ ಮುಳಬಾಗಿಲಿಗೆ, ಅಲ್ಲಿಂದ ಆವಣಿಗೆ ಹೋಗಿ. ಬೆಟ್ಟ ಹತ್ತಿ, ರಾತ್ರಿ ಮುಳಬಾಗಿಲಿನಲ್ಲಿ ಉಳಿದು ಬನ್ನಿ. ಯಾರಿಗೆ ಎಷ್ಟು ಹೊತ್ತಿಗೆ ಕಾಫಿ ಬೇಕು, ಯಾರು ಚೀಲದಲ್ಲಿ ಐದು ಸೀರೆ ತುಂಬುತ್ತಾರೆ, ಯಾರ ಕಾಲು ಎಷ್ಟು ನಡೆಯುತ್ತದೆ, ಎಲ್ಲವೂ ಒಂದೇ ರಾತ್ರಿಯಲ್ಲಿ ಗೊತ್ತಾಗುತ್ತದೆ. ಜೊತೆಯವರು ಹೊಂದದಿದ್ದರೆ ಅಲ್ಲಿಯೇ ಗೊತ್ತಾಗುವುದು ಒಳ್ಳೆಯದು, ದರ್ಭಂಗಾದಲ್ಲಲ್ಲ.

ಉಳಿದದ್ದು ಹಸುಗಳು. ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ 'ಹಸು ಯಾರು ನೋಡ್ಕೋತಾರೆ ಅನ್ನೋದೇ ಒಂದು ಚಿಂತೆ' ಎಂದು ಬರೆದಿದ್ದೀರಿ. ಪಕ್ಕದ ಮನೆಯ ಹೆಣ್ಣುಮಗಳಿಗೋ ಸೊಸೆಗೋ ಹದಿನೈದು ದಿನ ಮುಂಚಿನಿಂದ ನಿಮ್ಮ ಜೊತೆ ಕೂರಿಸಿ ಹಾಲು ಕರೆಸಿ, ಹಸುಗಳಿಗೆ ಕೈ ಅಭ್ಯಾಸವಾಗಲಿ. ಹಿಂಡಿ, ಬೂಸಾ ತಂದಿಟ್ಟು ಹೋಗಿ. ದನದ ಡಾಕ್ಟರ ಫೋನ್ ನಂಬರು ಕೊಟ್ಟಿಗೆಯ ಗೋಡೆಗೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಯಿರಿ. ಆ ಹನ್ನೆರಡು ದಿನದ ಹಾಲಿನ ದುಡ್ಡು ಅವಳಿಗೇ ಬಿಟ್ಟುಬಿಡಿ, ಲೆಕ್ಕ ಕೇಳಬೇಡಿ.